ಹಳೆಯ ಕಾರ್ಖಾನೆಯೊಳಗಿನ ಕಲಾ ಮ್ಯೂಸಿಯಂ: ನೋಡುವುದು ಹೇಗೆ?

ಸಮಕಾಲೀನ ಕಲೆಯ ಮ್ಯೂಸಿಯಂಗಳ ಬಗ್ಗೆ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಮೂರು. ಎಷ್ಟು ಹೊತ್ತು ಬೇಕು? ನೋಡಿದ್ದು ಅರ್ಥವಾಗದಿದ್ದರೆ ಏನು ಮಾಡುವುದು? ಯಾವುದು ಕಲಾಕೃತಿ, ಯಾವುದು ಹಳೆಯ ಕಾರ್ಖಾನೆಯ ಪಳೆಯುಳಿಕೆ ಎಂದು ತಿಳಿಯುವುದು ಹೇಗೆ? ಮೂರನೆಯದನ್ನು ಎಲ್ಲರೂ ಸಂಕೋಚದಿಂದಲೇ ಕೇಳುತ್ತಾರೆ. ನನಗೆ ಮಾತ್ರ ಅದೇ ಸರಿಯಾದ ಮೊದಲ ಪ್ರಶ್ನೆ ಎನಿಸುತ್ತದೆ. ಕಟ್ಟಡವನ್ನು ನೋಡಲು ಕಲಿತವರಿಗೆ ಉಳಿದೆರಡು ಪ್ರಶ್ನೆಗಳು ಅಷ್ಟು ಕಾಡುವುದಿಲ್ಲ.

ಇಂಥ ಮ್ಯೂಸಿಯಂಗಳು ಈಗ ಜಗತ್ತಿನ ಎಲ್ಲೆಡೆ ಇವೆ. ಲಂಡನ್ನಿನ ಟೇಟ್ ಮಾಡರ್ನ್ 1981ರಲ್ಲಿ ಮುಚ್ಚಿದ ವಿದ್ಯುತ್ ಸ್ಥಾವರದಲ್ಲಿದೆ. ಮ್ಯೂಸಿಯಂ ಆಗಿ ತೆರೆದದ್ದು 2000ದಲ್ಲಿ. ನ್ಯೂಯಾರ್ಕ್ ರಾಜ್ಯದ ಡಿಯಾ ಬೀಕನ್, ಬಿಸ್ಕತ್ತು ಕಂಪನಿಯೊಂದರ ಡಬ್ಬಿಗಳನ್ನು ಮುದ್ರಿಸಲು 1929ರಲ್ಲಿ ಕಟ್ಟಿದ ಕಾರ್ಖಾನೆ. ಇಂಗ್ಲೆಂಡಿನ ಗೇಟ್ಸ್‌ಹೆಡ್‌ನಲ್ಲಿರುವ ಬಾಲ್ಟಿಕ್ ಹಿಂದೆ ಹಿಟ್ಟಿನ ಗಿರಣಿಯಾಗಿತ್ತು. ಕೇಪ್‌ಟೌನ್‌ನ ಝೈಟ್ಸ್ ಮ್ಯೂಸಿಯಂ ಬಂದರಿನ ಧಾನ್ಯದ ಕಣಜ. ಶಾಂಘೈಯ ಪವರ್ ಸ್ಟೇಷನ್ ಆಫ್ ಆರ್ಟ್‌ನ 165 ಮೀಟರ್ ಎತ್ತರದ ಚಿಮಣಿ ಇಂದಿಗೂ ದೂರದಿಂದಲೇ ಕಾಣುತ್ತದೆ. ಕೆಲಸ ನಿಂತ ಕಾರ್ಖಾನೆಗಳಲ್ಲಿ ಕಲಾವಿದರಿಗೆ ಬೇಕಾದುದೆಲ್ಲ ಇತ್ತು: ಎತ್ತರದ ಸೂರು, ಟನ್ನುಗಟ್ಟಲೆ ಭಾರ ತಾಳುವ ನೆಲ, ಲಾರಿಯೇ ಒಳಬರಬಲ್ಲ ಬಾಗಿಲು. ಚಿನ್ನದ ಚೌಕಟ್ಟಿನ ಚಿತ್ರಗಳಿಗೆ ಕಟ್ಟಿದ ಅರಮನೆಯಂಥ ಮ್ಯೂಸಿಯಂಗಳಲ್ಲಿ ಇವು ಸಿಗುವುದು ಕಷ್ಟ.

ಹಾಗಾಗಿ ಅರಮನೆಯನ್ನು ನೋಡುವ ಕ್ರಮ ಇಲ್ಲಿಗೆ ಒಗ್ಗುವುದಿಲ್ಲ. ಬೇರೆ ಕ್ರಮವೇ ಬೇಕು.

1. ಹೊರಡುವ ಮುನ್ನ: ಇವತ್ತು ಏನು ತೆರೆದಿದೆ?

ಮೊದಲು ತಿಳಿಯಬೇಕಾದದ್ದು, ಆ ಸಂಸ್ಥೆಗೆ ಶಾಶ್ವತ ಸಂಗ್ರಹ ಇದೆಯೇ ಎಂಬುದು. ಶಾಶ್ವತ ಸಂಗ್ರಹ ಎಂದರೆ ಮ್ಯೂಸಿಯಂ ಸ್ವಂತಕ್ಕೆ ಇಟ್ಟುಕೊಂಡಿರುವ ಕೃತಿಗಳು. ಅವುಗಳಲ್ಲಿ ಕೆಲವಾದರೂ ಯಾವಾಗಲೂ ಗೋಡೆಯ ಮೇಲಿರುತ್ತವೆ. ಹೆಸರಿನ ಹಿಂದೆ ಎಷ್ಟೇ ಕೀರ್ತಿ ಇದ್ದರೂ ಕೆಲವು ಸಂಸ್ಥೆಗಳಲ್ಲಿ ಅಂಥದ್ದು ಇರುವುದಿಲ್ಲ. ಮೇಲೆ ಹೇಳಿದ ಬಾಲ್ಟಿಕ್ ಅವುಗಳಲ್ಲೊಂದು. ಅಲ್ಲಿ ಬಂದು ಹೋಗುವ ಪ್ರದರ್ಶನಗಳಷ್ಟೇ ಇರುತ್ತವೆ. ಒಂದು ಪ್ರದರ್ಶನ ಇಳಿಸಿ ಇನ್ನೊಂದನ್ನು ಏರಿಸುವ ವಾರಗಳಲ್ಲಿ ಇಡೀ ಅಂತಸ್ತಿಗೇ ಬೀಗ ಬೀಳಬಹುದು. ಜಾಲತಾಣದಲ್ಲಿ ‘ತೆರೆದಿದೆ’ ಎಂದಿದ್ದರೆ ಕಟ್ಟಡ ತೆರೆದಿದೆ ಎಂದಷ್ಟೇ ಅರ್ಥ. ಪ್ರದರ್ಶನಗಳ ಪುಟಕ್ಕೆ ಹೋಗಿ ಆರಂಭದ ಮತ್ತು ಮುಕ್ತಾಯದ ದಿನಾಂಕಗಳನ್ನು ನೋಡಿ. ಜನರು ಅತಿ ಹೆಚ್ಚು ಎಡವುವುದು ಇಲ್ಲಿಯೇ.

ವಾರದ ರಜೆ ಬಹಳ ಕಡೆ ಸೋಮವಾರ, ಕೆಲವೆಡೆ ಮಂಗಳವಾರ. ಋತುವಿನೊಂದಿಗೆ ಬದಲಾಗುವುದೂ ಉಂಟು. ಟಿಕೆಟ್ಟಿನ ವಿಷಯದಲ್ಲೂ ಒಂದು ಸೂಕ್ಷ್ಮವಿದೆ. ಟೇಟ್ ಮಾಡರ್ನ್‌ನಲ್ಲಿ ಶಾಶ್ವತ ಸಂಗ್ರಹ ನೋಡಲು ಹಣ ಕೊಡಬೇಕಿಲ್ಲ, ವಿಶೇಷ ಪ್ರದರ್ಶನಗಳಿಗೆ ಕೊಡಬೇಕು. ಇದು ಗೊತ್ತಿಲ್ಲದೆ ಬಾಗಿಲಲ್ಲೇ ವಿಶೇಷ ಪ್ರದರ್ಶನದ ಟಿಕೆಟ್ ಕೊಂಡವರು, ಆ ಎರಡು ಕೋಣೆಗಳನ್ನು ನೋಡಿ ಇಷ್ಟೇನಾ ಎಂದುಕೊಂಡು ಹೊರಟುಬಿಡುವುದುಂಟು. ಮೊದಲ ಸಲ ಹೋಗುವವರಿಗೆ ನನ್ನ ಸಲಹೆ ಇಷ್ಟೇ: ಬಿಟ್ಟಿ ಸಿಗುವ ಭಾಗದಿಂದ ಆರಂಭಿಸಿ.

2. ಮೈಗೆ, ಕಾಲಿಗೆ, ಚೀಲಕ್ಕೆ

ಇಂಥ ಕಟ್ಟಡಗಳ ನೆಲ ಹೆಚ್ಚಾಗಿ ಕಾಂಕ್ರೀಟಿನದು. ಎರಡು ಗಂಟೆ ನಿಂತರೆ ಮೊಣಕಾಲು ಮಾತನಾಡುತ್ತದೆ. ಮೆತ್ತನೆಯ ಅಟ್ಟೆಯ ಷೂ ಹಾಕಿಕೊಳ್ಳಿ. ಮೂವತ್ತು ಮೀಟರ್ ಎತ್ತರದ ಗಾಳಿಯನ್ನು ಬೆಚ್ಚಗಿಡುವುದು ಸುಲಭವಲ್ಲ, ಆದ್ದರಿಂದ ಚಳಿಗಾಲದಲ್ಲಿ ಒಳಗೂ ಚಳಿಯೇ. ಕೋಟನ್ನು ಸಾಮಾನು ಕೊಠಡಿಗೆ ಕೊಡುವ ಮುನ್ನ ಒಳಗಿನ ಹವೆ ಹೇಗಿದೆ ಎಂದು ಒಮ್ಮೆ ನೋಡಿಕೊಳ್ಳಿ.

ಬೆನ್ನುಚೀಲವನ್ನು ಮಾತ್ರ ಕೊಟ್ಟುಬಿಡಿ. ಕೊಡದಿದ್ದರೆ ಎದೆಯ ಮೇಲೆ ಹಾಕಿಕೊಳ್ಳಲು ಹೇಳುತ್ತಾರೆ. ಇದು ಕಾವಲಿನವರ ಹಠವಲ್ಲ. ತಿರುಗುವಾಗ ನಮ್ಮ ಬೆನ್ನಿನ ಹಿಂದೆ ಏನಿದೆ ಎಂಬುದು ನಮಗೆ ಕಾಣುವುದಿಲ್ಲವಲ್ಲ. ನೀರಿನ ಬಾಟಲಿ, ಒದ್ದೆ ಕೊಡೆ ಕೂಡ ಹೊರಗೇ ಇರಲಿ. ಟಿಪ್ಪಣಿ ಬರೆದುಕೊಳ್ಳುವವರು ಪೆನ್ನಿನ ಬದಲು ಪೆನ್ಸಿಲ್ ಒಯ್ಯಿರಿ. ಅನೇಕ ಮ್ಯೂಸಿಯಂಗಳಲ್ಲಿ ಶಾಯಿಗೆ ಅನುಮತಿ ಇಲ್ಲ.

3. ಮೊದಲ ಹದಿನೈದು ನಿಮಿಷ ಕಟ್ಟಡಕ್ಕೆ

ಒಳಗೆ ಕಾಲಿಟ್ಟೊಡನೆ ಮೊದಲ ಚಿತ್ರದತ್ತ ನಡೆಯಬೇಡಿ. ಒಂದೆಡೆ ನಿಂತು ತಲೆ ಎತ್ತಿ. ಇಲ್ಲಿ ಏನನ್ನು ಮಾಡುತ್ತಿದ್ದರು? ಅದಕ್ಕೆ ಇಷ್ಟು ಎತ್ತರ ಏಕೆ ಬೇಕಾಗಿತ್ತು? ಬೆಳಕು ಎಲ್ಲಿಂದ ಬರುತ್ತಿದೆ? ಈ ಮೂರನ್ನು ನಿಮ್ಮನ್ನೇ ಕೇಳಿಕೊಳ್ಳಿ.

ಚಾವಣಿ ಗರಗಸದ ಹಲ್ಲಿನಂತೆ ಏರಿಳಿಯುತ್ತಿದ್ದರೆ, ಪ್ರತಿ ಹಲ್ಲಿನ ನೇರ ಬದಿಯಲ್ಲಿ ಗಾಜು ಇರುತ್ತದೆ. ಉತ್ತರ ಗೋಳಾರ್ಧದಲ್ಲಿ ಆ ಗಾಜನ್ನು ಉತ್ತರಕ್ಕೆ ಮುಖ ಮಾಡಿ ಕೂಡಿಸುತ್ತಿದ್ದರು. ಸೂರ್ಯನ ನೇರ ಕಿರಣ ಬೀಳದೆ, ದಿನವಿಡೀ ಒಂದೇ ಹದದ ಬೆಳಕು ಸಿಗಲಿ ಎಂದು. ಬಣ್ಣ ಮುದ್ರಿಸುವವನಿಗೆ, ದಾರ ಎಣಿಸುವವನಿಗೆ ಬೇಕಾಗಿದ್ದ ಆ ಬೆಳಕೇ ಚಿತ್ರ ನೋಡುವವನಿಗೂ ಬೇಕಾದದ್ದು. ಡಿಯಾ ಬೀಕನ್‌ನಲ್ಲಿ ಇಂದಿಗೂ ಬಹುತೇಕ ಕೃತಿಗಳನ್ನು ಆ ಚಾವಣಿಯ ಬೆಳಕಿನಲ್ಲೇ ತೋರಿಸುತ್ತಾರೆ. ಮೋಡ ಹಾದುಹೋದರೆ ಕೋಣೆಯ ಬಣ್ಣವೇ ಬದಲಾಗುತ್ತದೆ. ಅಂಥ ಕಡೆಗೆ ಚಳಿಗಾಲದ ಸಂಜೆ ಹೋಗುವುದು ಬೇಡ, ಬೆಳಗ್ಗೆಯೇ ಹೋಗಿ.

ಗೋಡೆಯ ಮೇಲ್ಭಾಗದಲ್ಲಿ ಉದ್ದಕ್ಕೂ ಹಳಿಗಳು ಕಾಣುತ್ತವೆಯೇ? ಅವು ಕ್ರೇನ್ ಓಡಾಡುತ್ತಿದ್ದ ದಾರಿ. ಟೇಟ್ ಮಾಡರ್ನ್‌ನ ಟರ್ಬೈನ್ ಹಾಲ್ ಸುಮಾರು 155 ಮೀಟರ್ ಉದ್ದ, 35 ಮೀಟರ್ ಎತ್ತರ ಇರುವುದು ಒಳಗಿದ್ದ ಯಂತ್ರಗಳ ಗಾತ್ರಕ್ಕೆ ತಕ್ಕಂತೆ. ವೈಭವಕ್ಕೆಂದು ಯಾರೂ ಅಷ್ಟು ಎತ್ತರ ಕಟ್ಟಿರಲಿಲ್ಲ. ಅದರ ಪಕ್ಕದ ನೆಲದಡಿಯಲ್ಲಿ ಸ್ಥಾವರದ ಎಣ್ಣೆ ತುಂಬಿಡುತ್ತಿದ್ದ ದುಂಡನೆಯ ತೊಟ್ಟಿಗಳಿವೆ. 2012ರಿಂದ ಅವು ಕಲಾಪ್ರದರ್ಶನದ, ಪ್ರಯೋಗದ ಜಾಗಗಳು. ದುಂಡು ಗೋಡೆಗೆ ಚಿತ್ರ ತೂಗುಹಾಕುವುದು ಕಷ್ಟ, ಹಾಗಾಗಿ ಅಲ್ಲಿ ನಡೆಯುವುದು ಹೆಚ್ಚಾಗಿ ಶಬ್ದ, ಚಲನಚಿತ್ರ, ಮೈಯೇ ಮಾಧ್ಯಮವಾದ ಪ್ರಯೋಗ. ಕಟ್ಟಡವು ಕಲೆಯನ್ನು ಆರಿಸುವುದು ಹೀಗೆ.

ಕೇಪ್‌ಟೌನ್‌ನಲ್ಲಿ ನಡೆದದ್ದು ಇನ್ನೂ ಕುತೂಹಲದ ಸಂಗತಿ. ಕಣಜವೆಂದರೆ ಒಂದಕ್ಕೊಂದು ಅಂಟಿಕೊಂಡ 42 ಕಾಂಕ್ರೀಟ್ ಕೊಳವೆಗಳು. ಒಳಗೆ ಮನುಷ್ಯರು ನಿಲ್ಲುವ ಜಾಗವೇ ಇಲ್ಲ. ವಾಸ್ತುಶಿಲ್ಪಿ ಥಾಮಸ್ ಹೆದರ್‌ವಿಕ್ ಅವರ ತಂಡ ಜೋಳದ ಕಾಳೊಂದರ ಆಕಾರವನ್ನು ಹಿಗ್ಗಿಸಿ, ಕೊಳವೆಗಳ ನಡುವೆ ಅದೇ ಆಕಾರದ ಪೊಳ್ಳನ್ನು ಕೊರೆದು ಪ್ರವೇಶಾಂಗಣ ಮಾಡಿತು. 2017ರಲ್ಲಿ ಅದು ತೆರೆದುಕೊಂಡಿತು. ನಡುವೆ ನಿಂತು ಕತ್ತರಿಸಿದ ಅಂಚುಗಳನ್ನು ನೋಡಿದರೆ ಕೊಳವೆಯ ಗೋಡೆ ಎಷ್ಟು ದಪ್ಪವಿದೆ ಎಂಬುದೂ ಕಾಣುತ್ತದೆ. ಆ ಹದಿನೈದು ನಿಮಿಷದಲ್ಲಿ ಸಿಗುವುದು ಬೇರೆಲ್ಲೂ ಸಿಗುವುದಿಲ್ಲ.

ಇನ್ನು ಆ ಸಂಕೋಚದ ಪ್ರಶ್ನೆ. ಗೋಡೆಯಲ್ಲಿನ ತುಕ್ಕು ಹಿಡಿದ ಕವಾಟ ಕಲೆಯೇ? ಮೂಲೆಯಲ್ಲಿರುವ ಏಣಿ? ಹತ್ತಿರದಲ್ಲಿ ಎಲ್ಲಾದರೂ ಹೆಸರಿನ ಚೀಟಿ ಇದೆಯೇ ನೋಡಿ. ನೆಲದಲ್ಲಿ ಗೆರೆ, ತಂತಿ, ತಗ್ಗಿನ ಕಟಕಟೆ ಇದೆಯೇ ನೋಡಿ. ಏನೂ ಇಲ್ಲದಿದ್ದರೆ ಪ್ರವೇಶದ್ವಾರದಲ್ಲಿ ಕೊಟ್ಟ ನಕ್ಷೆಯಲ್ಲಿ ಹುಡುಕಿ. ಕೆಲವು ಕಲಾವಿದರು ಚೀಟಿಯೇ ಬೇಡ ಎನ್ನುತ್ತಾರೆ. ಆಗಲೂ ತಿಳಿಯದಿದ್ದರೆ ಕಾವಲಿನವರನ್ನು ಕೇಳಿ. ನಾಚಿಕೆ ಪಡುವ ಕಾರಣವಿಲ್ಲ. ಜರ್ಮನಿಯ ಡಾರ್ಟ್‌ಮುಂಡ್‌ನಲ್ಲಿ ಹಳೆಯ ಬಿಯರ್ ಕಾರ್ಖಾನೆಯ ಗೋಪುರದಲ್ಲಿರುವ ಮ್ಯೂಸಿಯಂ ಒಂದರಲ್ಲಿ, 2011ರಲ್ಲಿ ಸ್ವಚ್ಛತಾ ಕೆಲಸದವರು ಮಾರ್ಟಿನ್ ಕಿಪ್ಪೆನ್‌ಬರ್ಗರ್ ಅವರ ಕೃತಿಯೊಂದನ್ನು ಉಜ್ಜಿ ತೊಳೆದುಬಿಟ್ಟರು. ಮರದ ಪಟ್ಟಿಗಳ ಗೋಪುರದ ಅಡಿಯಲ್ಲಿದ್ದ ರಬ್ಬರ್ ತೊಟ್ಟಿಯಲ್ಲಿ, ಸೋರಿದ ನೀರು ಒಣಗಿದಂತೆ ಕಾಣಲೆಂದು ಕಲಾವಿದರು ಬಣ್ಣದಿಂದ ಮೂಡಿಸಿದ್ದ ಕಲೆ ಅದು. ಕಲೆಯನ್ನು ಕಲೆ ಎಂದುಕೊಂಡೇ ತೊಳೆದರು! ಕೃತಿಯ ವಿಮಾ ಮೊತ್ತ 8,00,000 ಯೂರೊ. ದಿನವೂ ಅಲ್ಲೇ ಕೆಲಸ ಮಾಡುವವರಿಗೇ ಹೀಗಾಗುವಾಗ ಒಂದು ದಿನಕ್ಕೆ ಹೋದ ನಿಮಗೆ ಗೊಂದಲವಾದರೆ ಅದು ಸಹಜ.

4. ಅರ್ಧವನ್ನು ಬಿಟ್ಟುಬಿಡಿ

ಎಲ್ಲವನ್ನೂ ನೋಡಿಯೇ ಬರುತ್ತೇನೆ ಎನ್ನುವವರು ಕೊನೆಗೆ ಏನನ್ನೂ ನೋಡಿರುವುದಿಲ್ಲ. ಕಾರ್ಖಾನೆಯ ಅಳತೆ ಮೋಸ ಮಾಡುತ್ತದೆ. ನಕ್ಷೆಯಲ್ಲಿ ಪಕ್ಕಪಕ್ಕದ ಕೋಣೆಗಳಂತೆ ಕಾಣುವುವು ನಡೆಯುವಾಗ ಬೇರೆ ಬೇರೆ ಕಟ್ಟಡಗಳೇ ಆಗಿರಬಹುದು. ಅಮೆರಿಕದ ಮ್ಯಾಸಚೂಸೆಟ್ಸ್‌ನ ಮಾಸ್ ಮೋಕಾ ಮೊದಲು ಬಟ್ಟೆಗೆ ಅಚ್ಚು ಹಾಕುವ ಕಾರ್ಖಾನೆಯಾಗಿತ್ತು, ಆಮೇಲೆ ವಿದ್ಯುತ್ ಉಪಕರಣಗಳ ಕಾರ್ಖಾನೆಯಾಯಿತು, 1999ರಿಂದ ಮ್ಯೂಸಿಯಂ. ಅಲ್ಲಿ ಮೂರು ಅಂತಸ್ತಿನ ಒಂದಿಡೀ ಕಟ್ಟಡವನ್ನು ಸೋಲ್ ಲೆವಿಟ್ ಎಂಬ ಒಬ್ಬರೇ ಕಲಾವಿದರ 105 ಗೋಡೆಚಿತ್ರಗಳಿಗೆ ಮೀಸಲಿಟ್ಟಿದ್ದಾರೆ. ಅವು 2043ರವರೆಗೆ ಅಲ್ಲೇ ಇರುತ್ತವೆ, ಗಾಬರಿ ಬೇಡ.

ನಕ್ಷೆಯಲ್ಲಿ ನಾಲ್ಕು ಕೋಣೆಗಳಿಗೆ ಗುರುತು ಹಾಕಿ. ಬೇಕಿದ್ದರೆ ಐದು. ಸೌಕರ್ಯವಿದ್ದರೆ ಲಿಫ್ಟ್‌ನಲ್ಲಿ ಮೊದಲು ಮೇಲಿನ ಅಂತಸ್ತಿಗೆ ಹೋಗಿ ಇಳಿಯುತ್ತ ಬನ್ನಿ. ಜನಜಂಗುಳಿ ಕೆಳಗಿನಿಂದ ಮೇಲಕ್ಕೆ ಏರುತ್ತಿರುತ್ತದೆ, ನಿಮ್ಮ ಕಾಲಿಗೂ ಅದೇ ಹಿತ. ಎರಡೂವರೆ ಗಂಟೆ ಸಾಕು. ಅದರ ನಂತರ ಕಣ್ಣು ನೋಡುತ್ತಿದ್ದರೂ ಮನಸ್ಸು ನೋಡುವುದಿಲ್ಲ. ನಡುವೆ ಒಮ್ಮೆ ಕಿಟಕಿಯ ಬಳಿ ಕುಳಿತುಕೊಳ್ಳಿ. ವಿದ್ಯುತ್ ಸ್ಥಾವರಗಳನ್ನೂ ಗಿರಣಿಗಳನ್ನೂ ನೀರು ಬೇಕೆಂದೋ ಸರಕು ಸಾಗಿಸಲೆಂದೋ ನದಿಯ ದಡದಲ್ಲಿ ಕಟ್ಟುತ್ತಿದ್ದುದರಿಂದ ಕಿಟಕಿಯ ಹೊರಗೆ ಸಾಮಾನ್ಯವಾಗಿ ನದಿ ಇರುತ್ತದೆ.

ಗಾಲಿಕುರ್ಚಿ ಬಳಸುವವರು, ಮಕ್ಕಳ ತಳ್ಳುಗಾಡಿ ತರುವವರು ಮೊದಲೇ ವಿಚಾರಿಸಿ. ಸರಕಿನ ಲಿಫ್ಟುಗಳಿಂದಾಗಿ ಹಳೆಯ ಕಾರ್ಖಾನೆಗಳಲ್ಲಿ ಓಡಾಟ ಸಲೀಸಾಗಿರುವುದೂ ಉಂಟು, ಮೂಲೆಯ ಒಂದು ಕೋಣೆಗೆ ಮಾತ್ರ ಕಬ್ಬಿಣದ ಮೆಟ್ಟಿಲೇ ಗತಿಯಾಗಿರುವುದೂ ಉಂಟು.

5. ಕೃತಿಯ ಮುಂದೆ: ಮೊದಲು ಕಣ್ಣು, ಆಮೇಲೆ ಚೀಟಿ

ಹೆಚ್ಚಿನವರು ಚೀಟಿ ಓದಿ, ಕೃತಿಯತ್ತ ಒಂದು ನೋಟ ಎಸೆದು ಮುಂದೆ ಹೋಗುತ್ತಾರೆ. ನೀವು ತಿರುಗಿಸಿ ಮಾಡಿ. ಎರಡು ನಿಮಿಷ ಸುಮ್ಮನೆ ನೋಡಿ. ಇದು ಯಾವುದರಿಂದ ಆಗಿದೆ? ಹೇಗೆ ನಿಂತಿದೆ? ಭಾರವೋ ಹಗುರವೋ? ಒಳಗೆ ಹೇಗೆ ತಂದಿರಬಹುದು? ಇವೆಲ್ಲ ಕಾರ್ಖಾನೆಯ ಪ್ರಶ್ನೆಗಳೇ, ಕಲಾಶಾಲೆಯಲ್ಲಿ ಓದಿರಬೇಕಿಲ್ಲ. ಮರಗೆಲಸ, ಬೆಸುಗೆ, ಹೊಲಿಗೆ ಬಲ್ಲವರು ಇಂಥ ಮ್ಯೂಸಿಯಂಗಳಲ್ಲಿ ವಿಮರ್ಶಕರಿಗಿಂತ ಚೆನ್ನಾಗಿ ನೋಡುತ್ತಾರೆ ಎಂಬುದು ನನ್ನ ಅನುಭವ.

ನೀವು ಕೇಳುವ ಮೂರು ಪದಗಳನ್ನು ಇಲ್ಲಿಯೇ ಬಿಡಿಸಿಬಿಡುತ್ತೇನೆ. *ಪ್ರತಿಷ್ಠಾಪನಾ ಕಲೆ* ಎಂದರೆ ಒಂದು ವಸ್ತುವನ್ನಲ್ಲ, ಇಡೀ ಜಾಗವನ್ನೇ ಕೃತಿಯಾಗಿಸುವುದು. ನೀವು ಅದರ ಮುಂದೆ ನಿಲ್ಲುವುದಿಲ್ಲ, ಒಳಗೆ ನಿಲ್ಲುತ್ತೀರಿ. *ಸ್ಥಳನಿರ್ದಿಷ್ಟ ಕೃತಿ* ಎಂದರೆ ಆ ಜಾಗಕ್ಕೆಂದೇ ಮಾಡಿದ್ದು, ಬೇರೆಡೆಗೆ ಒಯ್ದರೆ ಅರ್ಥ ಕಳೆದುಕೊಳ್ಳುವಂಥದ್ದು. *ಪರಿಕಲ್ಪನಾ ಕಲೆ*ಯಲ್ಲಿ ವಸ್ತುವಿಗಿಂತ ಆಲೋಚನೆ ಮುಖ್ಯ. ಲೆವಿಟ್ ಗೋಡೆಚಿತ್ರಗಳಿಗೆ ಬರೆದುಕೊಟ್ಟದ್ದು ಸೂಚನೆಗಳನ್ನು. ಅವನ್ನು ಗೋಡೆಯ ಮೇಲೆ ಎಳೆದದ್ದು ಬೇರೆಯವರ ಕೈ. ಸಂಗೀತಗಾರ ಸ್ವರಲಿಪಿ ನೋಡಿ ನುಡಿಸಿದ ಹಾಗೆ.

ಸ್ಥಳನಿರ್ದಿಷ್ಟ ಕೃತಿಗೆ ಒಳ್ಳೆಯ ಉದಾಹರಣೆ ಕೊಲಂಬಿಯಾದ ಡೋರಿಸ್ ಸಾಲ್ಸೆಡೊ ಅವರದು. 2007ರಲ್ಲಿ ಟರ್ಬೈನ್ ಹಾಲ್‌ನ ಕಾಂಕ್ರೀಟ್ ನೆಲದಲ್ಲಿ 167 ಮೀಟರ್ ಉದ್ದದ ಅಂಕುಡೊಂಕಾದ ಬಿರುಕನ್ನು ಮೂಡಿಸಿದರು. ವಲಸಿಗರನ್ನೂ ಬಿಳಿಯರಲ್ಲದವರನ್ನೂ ಯುರೋಪು ಹೊರಗಿಟ್ಟ ಬಗೆಗಿನ ಮಾತು ಅದರಲ್ಲಿತ್ತು. ಪ್ರದರ್ಶನ ಮುಗಿದ ಮೇಲೆ ಬಿರುಕನ್ನು ತುಂಬಿದರು, ಗಾಯದ ಗುರುತು ನೆಲದಲ್ಲಿ ಉಳಿಯಿತು. ಅಲ್ಲಿಗೆ ಹೋದರೆ ಕೆಳಗೆ ನೋಡುತ್ತ ನಡೆಯಿರಿ. ನೂರಾರು ಜನ ಗಮನಿಸದೆ ಅದನ್ನು ದಾಟುತ್ತಿರುತ್ತಾರೆ.

ಎರಡು ನಿಮಿಷ ಕಳೆದರೂ ಏನೂ ಅನ್ನಿಸಲಿಲ್ಲವೇ? ಆಗ ಚೀಟಿ ಓದಿ. ಓದಿದ ಮೇಲೂ ಏನೂ ಅನ್ನಿಸದಿದ್ದರೆ ಮುಂದಕ್ಕೆ ಹೋಗಿ. ಕೆಟ್ಟ ಸಮಕಾಲೀನ ಕಲೆ ಬೇಕಾದಷ್ಟಿದೆ, ಒಳ್ಳೆಯ ಕಟ್ಟಡದೊಳಗೂ ಇದೆ. ದೊಡ್ಡ ಹಾಲ್‌ನಲ್ಲಿ ದೊಡ್ಡದಾಗಿ ನಿಂತಿದೆ ಎಂಬುದಕ್ಕಷ್ಟೇ ಮೆಚ್ಚಬೇಕಿಲ್ಲ. ಗಾತ್ರಕ್ಕೆ ಮರುಳಾಗುವುದು ಇಂಥ ಜಾಗಗಳಲ್ಲಿ ಸುಲಭ. ಕೃತಿಯನ್ನು ಮನಸ್ಸಿನಲ್ಲೇ ಸಣ್ಣ ಕೋಣೆಯಲ್ಲಿಟ್ಟು ನೋಡಿ; ಆಗಲೂ ಏನಾದರೂ ಉಳಿಯುತ್ತದೆಯೇ?

6. ಚೀಟಿಯನ್ನು ಓದುವ ಬಗೆ

ಕಲಾವಿದರ ಹೆಸರು, ಹುಟ್ಟಿದ ವರ್ಷ ಮತ್ತು ಊರು, ಶೀರ್ಷಿಕೆ, ರಚನೆಯ ವರ್ಷ, ಬಳಸಿದ ಸಾಮಗ್ರಿ. ಇವುಗಳಲ್ಲಿ ಸಾಮಗ್ರಿಯ ಸಾಲನ್ನು ಬಿಡಬೇಡಿ. ಕೆಲವೊಮ್ಮೆ ಕೃತಿಯ ಗುಟ್ಟೆಲ್ಲ ಅಲ್ಲಿರುತ್ತದೆ. ಚೀನಾದ ಕಲಾವಿದ ಐ ವೇವೇ 2010ರಲ್ಲಿ ಅದೇ ಟರ್ಬೈನ್ ಹಾಲ್‌ನಲ್ಲಿ ಹರಡಿದ ಸೂರ್ಯಕಾಂತಿ ಬೀಜಗಳು ನೋಡಲು ಬೀಜಗಳೇ. ಚೀಟಿ ಓದಿದರೆ ಪಿಂಗಾಣಿ ಎಂದಿರುತ್ತಿತ್ತು. ಒಂದೊಂದಕ್ಕೂ ಕೈಯಿಂದ ಬಣ್ಣ ಬಳಿದ ಸುಮಾರು 10 ಕೋಟಿ ಬೀಜಗಳು. ಆ ಒಂದು ಪದ ತಿಳಿದೊಡನೆ ಕಣ್ಣಮುಂದಿನ ರಾಶಿ ಬೇರೆಯೇ ಆಗುತ್ತದೆ.

‘ಶೀರ್ಷಿಕೆಯಿಲ್ಲ’ ಎಂಬುದು ಮರೆವಲ್ಲ, ಆಯ್ಕೆ. ವಿಡಿಯೊ ಅಥವಾ ಛಾಯಾಚಿತ್ರದ ಚೀಟಿಯಲ್ಲಿ ‘3/5’ ಎಂದಿದ್ದರೆ ಒಟ್ಟು ಐದು ಪ್ರತಿಗಳಲ್ಲಿ ಮೂರನೆಯದು ಎಂದರ್ಥ. ಗೋಡೆಯ ಮೇಲಿನ ಉದ್ದನೆಯ ಬರಹ ಕ್ಯುರೇಟರ್ ಬರೆದದ್ದು, ಅಂದರೆ ಪ್ರದರ್ಶನವನ್ನು ಯೋಜಿಸಿ ಜೋಡಿಸಿದವರು. ಅದು ಒಂದು ಅಭಿಪ್ರಾಯ. ಅರ್ಥವಾಗದಂತೆ ಬರೆದಿದ್ದರೆ ತಪ್ಪು ನಿಮ್ಮದಲ್ಲ.

7. ಕತ್ತಲ ಕೋಣೆಗಳು

ಕಪ್ಪು ಪರದೆ ಸರಿಸಿ ಒಳಹೋಗುವ ಕೋಣೆಗಳಲ್ಲಿ ಅವಸರ ಮಾಡಬೇಡಿ. ಬಾಗಿಲ ಬಳಿಯೇ ಅರ್ಧ ನಿಮಿಷ ನಿಂತು ಕಣ್ಣು ಹೊಂದಿಕೊಳ್ಳಲು ಬಿಡಿ. ಬೆಳಕಿನಿಂದ ಬಂದ ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು ಇಪ್ಪತ್ತು ನಿಮಿಷಕ್ಕೂ ಹೆಚ್ಚು ಬೇಕು. ಬೆಳಕನ್ನೇ ಸಾಮಗ್ರಿಯಾಗಿಸಿಕೊಂಡ ಕಲಾವಿದರ ಕೆಲವು ಕೃತಿಗಳು ಆ ಅವಧಿಯನ್ನು ಲೆಕ್ಕಕ್ಕಿಟ್ಟೇ ಮಾಡಿದವು. ಏನೂ ಕಾಣುತ್ತಿಲ್ಲ ಎಂದು ಒಂದು ನಿಮಿಷಕ್ಕೆ ಹೊರಬಂದವರು ನಿಜವಾಗಿಯೂ ಏನನ್ನೂ ಕಂಡಿರುವುದಿಲ್ಲ. ಮಿಲಾನಿನ ಪಿರೆಲ್ಲಿ ಹ್ಯಾಂಗರ್‌ಬಿಕೊಕ್ಕಾ ಹಿಂದೆ ರೈಲು ಎಂಜಿನ್ ಕಾರ್ಖಾನೆಯಾಗಿತ್ತು. ಅಲ್ಲಿ ಆನ್ಸೆಲ್ಮ್ ಕೀಫರ್ ಅವರ ಏಳು ಕಾಂಕ್ರೀಟ್ ಗೋಪುರಗಳು 2004ರಿಂದ ಮಬ್ಬಿನಲ್ಲೇ ನಿಂತಿವೆ. ಒಂದೊಂದೂ ನಾಲ್ಕೈದು ಮಹಡಿ ಎತ್ತರ. ಮೊದಲು ಕಾಣುವುದು ಆಕಾರ, ನಿಧಾನವಾಗಿ ಕಾಣುವುದು ಅವುಗಳ ನಡುವೆ ಸಿಕ್ಕಿಸಿದ ಸೀಸದ ಪುಸ್ತಕಗಳು.

ವಿಡಿಯೊ ಕೃತಿಗಳು ಮುಗಿದೊಡನೆ ಮತ್ತೆ ಮೊದಲಾಗುತ್ತವೆ. ಹೊರಗಿನ ಚೀಟಿಯಲ್ಲಿ ಅವಧಿ ಇರುತ್ತದೆ: ಎಂಟು ನಿಮಿಷವೋ ತೊಂಬತ್ತು ನಿಮಿಷವೋ ನೋಡಿಕೊಂಡೇ ಕುಳಿತುಕೊಳ್ಳಿ. ಇನ್ನೊಂದು ಮಾತು: ಇಂಥ ಹಾಲ್‌ಗಳಲ್ಲಿ ಶಬ್ದ ತೇಲುತ್ತದೆ. ಪಿಸುಮಾತೂ ಪ್ರತಿಧ್ವನಿಸುತ್ತದೆ. ಪಕ್ಕದ ಕೋಣೆಯ ವಿಡಿಯೊದ ಸದ್ದು ನಿಮ್ಮ ಮುಂದಿನ ಶಿಲ್ಪದ್ದೇ ಎಂದು ಭ್ರಮೆಯಾಗುವುದು ಸಾಮಾನ್ಯ.

8. ಕೈ, ಕಾಲು, ಕ್ಯಾಮೆರಾ

ಮುಟ್ಟಬೇಡಿ. ದೊಡ್ಡ ಉಕ್ಕಿನ ತಗಡಿಗೆ ಕೈ ತಾಗಿದರೆ ಏನಾದೀತು ಎನ್ನುತ್ತಾರೆ. ಬೆರಳಿನ ಎಣ್ಣೆ ಮತ್ತು ಬೆವರಿನ ಉಪ್ಪು ಬಣ್ಣ ಬಳಿಯದ ಲೋಹದ ಮೇಲೆ ಕೂತರೆ ಗುರುತು ಉಳಿಯುತ್ತದೆ, ದಿನಕ್ಕೆ ಸಾವಿರ ಜನ ಮುಟ್ಟಿದರೆ ಕೇಳುವುದೇ ಬೇಡ. ರಿಚರ್ಡ್ ಸೆರಾ ಅವರ ತಿರುಚಿದ ಉಕ್ಕಿನ ಗೋಡೆಗಳ ಒಳಗೆ ನಡೆದು ಹೋಗಬೇಕು, ಆದರೆ ಗೋಡೆ ಸವರುತ್ತ ಹೋಗಬಾರದು.

ನಿಯಮ ಎಲ್ಲ ಕಡೆ ಒಂದೇ ಅಲ್ಲ. ಏರಿ, ಕುಳಿತು, ಮಲಗಿ ನೋಡುವ ಕೃತಿಗಳೂ ಇವೆ. ಓಲಾಫರ್ ಎಲಿಯಾಸನ್ 2003ರಲ್ಲಿ ಟರ್ಬೈನ್ ಹಾಲ್‌ನಲ್ಲಿ ಮಂಜು ಮತ್ತು ಕೃತಕ ಸೂರ್ಯನನ್ನು ಸೃಷ್ಟಿಸಿದಾಗ ಜನರು ನೆಲದ ಮೇಲೆ ಮಲಗಿ ಚಾವಣಿಯ ಕನ್ನಡಿಯಲ್ಲಿ ತಮ್ಮನ್ನೇ ನೋಡಿಕೊಂಡರು. ನಿಯಮ ಮಧ್ಯದಲ್ಲಿ ಬದಲಾಗುವುದೂ ಉಂಟು: ಐ ವೇವೇಯವರ ಬೀಜಗಳ ಮೇಲೆ ಮೊದಲು ನಡೆಯಬಹುದಿತ್ತು, ಪಿಂಗಾಣಿ ಧೂಳು ಏಳುತ್ತದೆಂದು ಕೆಲವೇ ದಿನಗಳಲ್ಲಿ ನಿಲ್ಲಿಸಿದರು. ಹಾಗಾಗಿ ಹಳೆಯ ಫೋಟೊ ನೋಡಿಕೊಂಡು ಹೋಗಿ ಒಳನುಗ್ಗಬೇಡಿ, ಆ ದಿನದ ಸೂಚನೆ ಓದಿ.

ಕಾಲಿನ ಬಗ್ಗೆ ಎಚ್ಚರ. ಸಾಲ್ಸೆಡೊ ಅವರ ಬಿರುಕಿನಲ್ಲಿ ಎಡವಿ ಗಾಯ ಮಾಡಿಕೊಂಡವರಿದ್ದಾರೆ. 2018ರಲ್ಲಿ ಪೋರ್ಚುಗಲ್‌ನ ಪೋರ್ಟೊದಲ್ಲಿ ಅನೀಶ್ ಕಪೂರ್ ಅವರ ಕೃತಿಯೊಂದರಲ್ಲಿ ಸಂದರ್ಶಕರೊಬ್ಬರು ಬಿದ್ದೇಬಿಟ್ಟರು. ನೆಲಕ್ಕೆ ಬಳಿದ ಕಪ್ಪು ವೃತ್ತದಂತೆ ಕಾಣುತ್ತಿದ್ದ ಅದು ಸುಮಾರು ಎರಡೂವರೆ ಮೀಟರ್ ಆಳದ ಗುಂಡಿಯಾಗಿತ್ತು. ಫೋಟೊ ತೆಗೆಯುವಾಗ ಹಿಂದಕ್ಕೆ ಹೆಜ್ಜೆ ಇಡುವ ಅಭ್ಯಾಸ ಇದ್ದರೆ ಇಲ್ಲಿ ಬಿಡಿ. ಫ್ಲ್ಯಾಶ್, ಸೆಲ್ಫಿ ಕೋಲು ಸಾಮಾನ್ಯವಾಗಿ ನಿಷಿದ್ಧ. ಎರವಲು ತಂದ ಕೃತಿಗಳ ಫೋಟೊ ತೆಗೆಯಬಾರದೆಂದು ಚೀಟಿಯ ಬದಿಯಲ್ಲಿ ಗೆರೆ ಹೊಡೆದ ಕ್ಯಾಮೆರಾದ ಗುರುತು ಇರುತ್ತದೆ.

9. ಹೊರಡುವಾಗ

ಕೋಣೆಗಳನ್ನು ಮುಚ್ಚುವುದು ಕಟ್ಟಡ ಮುಚ್ಚುವ ಹೊತ್ತಿಗಿಂತ ಹತ್ತು ಹದಿನೈದು ನಿಮಿಷ ಮೊದಲೇ, ದೂರದ ಕೋಣೆಗಳಿಂದ ಆರಂಭಿಸಿ. ಕೊನೆಗೆ ನೋಡೋಣ ಎಂದು ಬಿಟ್ಟ ಕೃತಿ ಆ ದೂರದ ಕೋಣೆಯಲ್ಲಿಯೇ ಇರುತ್ತದೆ. ಹಾಗಾಗಿ ಅತ್ಯಂತ ಇಷ್ಟವಾದದ್ದನ್ನು ಮತ್ತೊಮ್ಮೆ ನೋಡಬೇಕೆಂದಿದ್ದರೆ ಮುಚ್ಚುವ ಹೊತ್ತಿಗೆ ಒಂದು ಗಂಟೆ ಇರುವಾಗಲೇ ಹೋಗಿ. ಸಾಮಾನು ಕೊಠಡಿಯ ಮುಂದೆ ಕೊನೆಯ ಅರ್ಧ ಗಂಟೆಯಲ್ಲಿ ಸಾಲು ಬೆಳೆಯುತ್ತದೆ. ಚೀಲವನ್ನು ಅದಕ್ಕೆ ಮುಂಚೆ ಬಿಡಿಸಿಕೊಂಡರೆ ಹೊರಗೆ ಬೆಳಕಿರುವಾಗಲೇ ಒಂದು ಸುತ್ತು ಬರಬಹುದು. ಸರಕು ಇಳಿಸುತ್ತಿದ್ದ ಕಟ್ಟೆ, ಇಟ್ಟಿಗೆ ತುಂಬಿ ಮುಚ್ಚಿದ ಹಳೆಯ ಬಾಗಿಲು, ಈಗ ಎಲ್ಲಿಗೂ ಹೋಗದ ಎರಡು ಹಳಿಗಳು ಹಿಂಭಾಗದಲ್ಲಿರುತ್ತವೆ. ಅವಕ್ಕೆ ಟಿಕೆಟ್ ಬೇಕಿಲ್ಲ.